ಹತ್ತುವ ಮೊದಲೇ ಮೆಚ್ಚಿದ ಹಡಗು

ಬಹಳ ಹಿಂದೆ, ತೀರಾವತಿ ಎಂಬ ರಾಜ್ಯದಲ್ಲಿ, ಬಕುಳಾ ಎಂಬ ಹೆಂಗಸು ಅಂಟಿನುಂಡೆ ಕಟ್ಟುತ್ತಿದ್ದಳು. ಬೆಲ್ಲದ ಪಾಕ ಆರುವ ಮೊದಲು ಕೈ ಓಡಬೇಕು. ಹದಿನೇಳನೆಯ ಉಂಡೆ ಅಂಗೈಯಲ್ಲಿ ದುಂಡಗಾಗುವ ಹೊತ್ತಿಗೆ ಬೀದಿಯಲ್ಲಿ ಡಂಗುರ ಕೇಳಿಸಿತು.

"ಕೇಳಿರಪ್ಪೋ ಕೇಳಿ. ಮುಂದಿನ ಸಲವೂ ಮಹಾರಾಜರ ವಿಹಾರನೌಕೆಯಲ್ಲೇ ಬರುತ್ತೇವೆಂದು ಪ್ರಜೆಗಳೆಲ್ಲ ಬರೆದುಕೊಟ್ಟಿರುವ ಕಾರಣ, ಕೊಲ್ಲಿ ದಾಟಿಸುವ ದೋಣಿಗಳು ಯಾರಿಗೂ ಬೇಕಿಲ್ಲ. ಇಂದಿನಿಂದ ಅವು ಬಂದ್."

ಬಾಣಲೆಯಲ್ಲಿ ಪಾಕ ಗಟ್ಟಿಯಾಯಿತು. ಬಕುಳಾ ಅದನ್ನು ನೋಡಲಿಲ್ಲ. ಕೊಲ್ಲಿಯಾಚೆಯ ಊರಿನಲ್ಲಿ ತಂಗಿ ಚಂಪೆಗೆ ದಿನ ತುಂಬಿತ್ತು. ಈ ವಾರದೊಳಗೆ ಹೆರಿಗೆ ಎಂದು ಸೂಲಗಿತ್ತಿ ಹೇಳಿ ಕಳಿಸಿದ್ದಳು. ದೋಣಿಯಲ್ಲಿ ಅದು ಅರ್ಧ ದಿನದ ದಾರಿ.

ಆ ವಿಹಾರನೌಕೆಯ ವಿಷಯ ಓದುಗರಿಗೆ ಸ್ವಲ್ಪ ಹೇಳಬೇಕು. ಅದರ ಹೆಸರು ಸ್ವರ್ಣಹಂಸ. ವಿಖ್ಯಾತಸೇನ ಮಹಾರಾಜರು ಅದರ ಮೂತಿಗೆ ಚಿನ್ನದ ಹಂಸವನ್ನು ಕೂರಿಸಿದರು; ಹಡಗು ಮುಂದಕ್ಕೆ ಬಾಗಿತು. ತೂಕ ಸರಿದೂಗಿಸಲು ಹಿಂಬದಿಗೆ ತಮ್ಮದೇ ಕಲ್ಲಿನ ಪ್ರತಿಮೆಯನ್ನು ಕೂರಿಸಿದರು. ಹಡಗು ನಿಂತೇ ಹೋಯಿತು. ಕೊನೆಗೆ ಊರಿನ ಹನ್ನೆರಡು ದೋಣಿಗಳನ್ನು ಹಗ್ಗ ಕಟ್ಟಿ ಮುಂದೆ ಹೂಡಲಾಯಿತು. ಅರ್ಧ ದಿನದ ದಾರಿ ಒಂಬತ್ತು ದಿನದ ವಿಹಾರವಾಯಿತು. ಅದರಲ್ಲಿ ಸ್ವಾಗತ ಭಾಷಣಕ್ಕೇ ಎರಡು ದಿನ. ಒಮ್ಮೆ ಹೋದವರು ಮತ್ತೆ ಅತ್ತ ತಲೆ ಹಾಕಲಿಲ್ಲ.

ಆಗ ಬಂದವರು ಬ್ರ್ಯಾಂಡ್ ಮಂತ್ರಿ ಸ್ತುತಿಸಾಗರರು. ಅವರು ಮೂರು ತಿಂಗಳು ಚಿಂತಿಸಿ ದೋಷವನ್ನು ಹಿಡಿದರು. ಪ್ರಯಾಣಿಕರು ಹಡಗಿನಿಂದ ಇಳಿದ ಮೇಲೆ ಅಭಿಪ್ರಾಯ ಕೇಳಲಾಗುತ್ತಿತ್ತು.

"ಹಾಗೆ ಕೇಳಿದರೆ ಪ್ರಯಾಣದ ಪ್ರಭಾವ ಅಭಿಪ್ರಾಯದ ಮೇಲೆ ಬೀಳುತ್ತದೆ ಪ್ರಭು. ಅದು ಶುದ್ಧ ಸರ್ವೆ ಅಲ್ಲ," ಎಂದರು.

ಅಂದಿನಿಂದ ಅಭಿಪ್ರಾಯವನ್ನು ಹತ್ತುವ ಮೊದಲೇ ಬರೆಸಲಾಯಿತು. ಬರೆದವರಿಗೆ ಮಾತ್ರ ಏಣಿ. ಅದೇ ವಾರ ಮೆಚ್ಚುಗೆ ನೂರಕ್ಕೆ ನೂರಾಯಿತು.

ಬಕುಳಾ ಕೂಡ ಬರೆದಿದ್ದಳು. ಮೂರು ವರ್ಷದ ಹಿಂದೆ ಚಂಪೆಯ ಮೊದಲ ಹೆರಿಗೆಗೆ ಹೊರಟಾಗ ದೋಣಿಗಳೆಲ್ಲ ಹಡಗು ಎಳೆಯುತ್ತಿದ್ದವು, ಬೇರೆ ದಾರಿಯಿರಲಿಲ್ಲ. ಅವಳು ಸ್ವಾಗತ ಭಾಷಣ ಕೇಳುತ್ತಿದ್ದ ಎರಡು ದಿನವೂ ಅಲ್ಲಿ ತಂಗಿ "ಅಕ್ಕ ಬಂದಳಾ, ಅಕ್ಕ ಬಂದಳಾ" ಎಂದು ಕೇಳುತ್ತಲೇ ಇದ್ದಳಂತೆ. ಬಕುಳಾ ಹೋಗಿ ಮುಟ್ಟಿದಾಗ ತೊಟ್ಟಿಲು ಖಾಲಿಯಿತ್ತು. ಚಂಪೆ ಅಕ್ಕನಿಗೆ ಕಾಲು ತೊಳೆಯಲು ನೀರು ಕೊಟ್ಟಿದ್ದಳು, ಅಷ್ಟೆ.

ಕೈ ತೊಳೆದು ಬಕುಳಾ ನೇರ ಆಸ್ಥಾನಕ್ಕೆ ನಡೆದಳು.

"ಒಂದೇ ಒಂದು ದೋಣಿ ಬಿಡಿಸಿ ಸ್ವಾಮಿ. ತಂಗಿಗೆ ಈ ವಾರ ಹೆರಿಗೆ. ಹಡಗು ಹೊರಡೋದು ಇನ್ನು ಹನ್ನೊಂದು ದಿನಕ್ಕೆ."

ಮಹಾರಾಜರ ಮುಖ ಬಾಡಿತು. "ನಮ್ಮ ಹಡಗು ನಿನಗೆ ರುಚಿಸಲಿಲ್ಲವೇ ತಾಯಿ?"

"ಅಸಾಧ್ಯ ಪ್ರಭು," ಎಂದು ಸ್ತುತಿಸಾಗರರು ಹಾಳೆಯೊಂದನ್ನು ಬಿಚ್ಚಿದರು. "ಈಕೆಯದೇ ಸಹಿ. ಮುಂದಿನ ಸಲವೂ ಇದರಲ್ಲೇ ಬರುತ್ತೇನೆ, ಬಂಧುಬಳಗಕ್ಕೂ ಹೇಳುತ್ತೇನೆ ಎಂದಿದ್ದಾಳೆ."

"ಅದು ಹತ್ತೋ ಮೊದಲು ಬರೆಸಿದ್ದು."

"ನೋಡಿ ಪ್ರಭು, ಹತ್ತುವ ಮೊದಲೇ ಇಷ್ಟು ನಿಷ್ಠೆ. ಹತ್ತಿದ ಮೇಲೆ ಎಷ್ಟಿರಬೇಡ."

"ಹತ್ತಿದ ಮೇಲೆ ಒಂಬತ್ತು ದಿನ ವಾಂತಿ ಮಾಡಿದೆ."

'ಭಾವಪರವಶತೆ' ಎಂದು ಮಂತ್ರಿಗಳು ಬರೆದುಕೊಂಡರು.

ಮಹಾರಾಜರು ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದರು. "ಹೆರಿಗೆಯನ್ನೇ ಹತ್ತು ದಿನ ಮುಂದೂಡಿದರೆ?"

"ದೂರದೃಷ್ಟಿ," ಎಂದಿತು ಆಸ್ಥಾನ ಒಂದೇ ದನಿಯಲ್ಲಿ. ಅದಕ್ಕೊಂದು ಸಮಿತಿಯೂ ಆಯಿತು. ಆಮೇಲೆ ಮಹಾರಾಜರು ಎದ್ದು ಬಂದು ಬಕುಳೆಯ ತಲೆಗೆ ಹಂಸದ ಗರಿಯ ಕಿರೀಟವನ್ನು ತಾವೇ ತೊಡಿಸಿದರು. ಗರಿ ಬಾತುಕೋಳಿಯದು, ರಾಜ್ಯದಲ್ಲಿ ಹಂಸವಿರಲಿಲ್ಲ. 'ನೌಕಾನಿಷ್ಠಾ ಶಿರೋಮಣಿ' ಎಂಬ ಬಿರುದೂ ಹನ್ನೊಂದನೆಯ ದಿನದ ಹಡಗಿನಲ್ಲಿ ಉಚಿತ ಆಸನವೂ ಸಂದವು. ಪ್ರಜೆಗಳ ಪ್ರೀತಿ ಹೀಗೆ ರುಜುವಾತಾದ್ದರಿಂದ, ಹಡಗು ಕಣ್ಮರೆಯಾಗುವವರೆಗೂ ಮನೆಗೊಬ್ಬರು ದಡದಲ್ಲಿ ನಿಂತು ಕೈಬೀಸತಕ್ಕದ್ದು ಎಂಬ ಆಜ್ಞೆಯೂ ಹೊರಟಿತು. ಆ ಹಡಗು ಕಣ್ಮರೆಯಾಗಲು ಮೂರು ದಿನ ಬೇಕಿತ್ತು. ಅದು ಮೀನು ಒಣಹಾಕುವ ಕಾಲ. ಕೈಬೀಸುವವರ ಬೆನ್ನ ಹಿಂದೆ ಕಾಗೆಗಳಿಗೆ ಹಬ್ಬವೆಂದು ಎಲ್ಲರಿಗೂ ತಿಳಿದಿತ್ತು.

ದಾರಿಯುದ್ದಕ್ಕೂ ಬಕುಳೆಗೆ ಸಿಟ್ಟು ಬಂದದ್ದು ಮಂತ್ರಿಗಳ ಮೇಲಲ್ಲ, ಆ ಸಹಿಯ ಮೇಲೆ. ಹುಡುಗ ಒಪ್ಪಿಗೆಯೇನಮ್ಮ ಎಂದು ಅಪ್ಪ ಅವಳನ್ನು ಕೇಳಿದ್ದೂ ಹುಡುಗನನ್ನು ನೋಡುವ ಮೊದಲೇ. ಆಗಲೂ ಹೂಂ ಎಂದಿದ್ದಳು. ಗಂಡ ಕೆಟ್ಟವನಾಗಿರಲಿಲ್ಲ. ಆದರೂ ಆ ಹೂಂ ಅವಳದಾಗಿರಲಿಲ್ಲ.

ದಡದಲ್ಲಿ ದೋಣಿಯ ದುರ್ಗಣ್ಣ ಹಡಗು ಎಳೆಯುವ ಹಗ್ಗ ಹೊಸೆಯುತ್ತ ಕೂತಿದ್ದ.

"ಏನು ಬಕುಳಕ್ಕ, ತಲೆ ಮೇಲೆ ಬಾತುಕೋಳಿ?"

"ಮಹಾರಾಜರು ಕೂರಿಸಿದ್ದು." ಅವಳು ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. "ಬಲೆ ಬೀಸೋಕೂ ಬಿಡಲ್ವಾ ದುರ್ಗಣ್ಣ?"

"ಮೀನು ಅಭಿಪ್ರಾಯ ಬರೆದುಕೊಟ್ಟಿಲ್ಲವಲ್ಲ, ಅದಕ್ಕೆ ಬಿಟ್ಟಿದ್ದಾರೆ. ನಾಳೆ ಬೆಳಕು ಹರಿಯುತ್ತಲೇ ಹೋಗ್ತೀನಿ."

"ಎತ್ತ ಕಡೆ?"

"ಮೀನು ಎತ್ತ ಹೋದ್ರೆ ಅತ್ತ. ಈಗೀಗ ಆಚೆ ದಡಕ್ಕೇ ಜಾಸ್ತಿ," ಎಂದು ಅವನು ತಲೆಯೆತ್ತದೆ ಹಗ್ಗ ಹೊಸೆದ.

ಮನೆಯ ಜಗಲಿಯಲ್ಲಿ ಮಂತ್ರಿಗಳ ಗುಮಾಸ್ತ ಹಾಳೆ ಹಿಡಿದು ಕಾಯುತ್ತಿದ್ದ.

"ಹನ್ನೊಂದನೇ ದಿನದ ಪ್ರಯಾಣದ ಫೀಡ್‌ಬ್ಯಾಕ್, ಶಿರೋಮಣಿಯವರೇ."

"ಈಗಲೇ?"

"ಈಗಲೇ ಅಮ್ಮ. ಹಾಳೆ ಕೈಗೆ ಬಂತೂ ಅಂದ್ರೆ ನಮ್ಮ ಪಾಲಿಗೆ ಪ್ರಯಾಣ ಆದ ಹಾಗೆ."

"ಹಡಗಲ್ಲಿ ತಲೆ ಎಣಿಸಲ್ವಾ?"

"ಯಾರಿದ್ದಾರೆ ಎಣಿಸೋಕೆ? ಹಾಳೆ ಎಣಿಸೋಕೇ ನಲವತ್ತು ಜನ ಸಾಲ್ತಿಲ್ಲ."

ಬಕುಳಾ ಕಂಬಕ್ಕೆ ಒರಗಿ ಕೂತು ಲೇಖನಿ ತೆಗೆದುಕೊಂಡಳು. ಪ್ರಯಾಣ ಹೇಗಿತ್ತು? ಅತ್ಯುತ್ತಮ. ಸ್ವಾಗತ ಭಾಷಣ? ಇನ್ನೂ ಉದ್ದವಿರಬಹುದಿತ್ತು. ಮತ್ತೆ ಯಾವುದರಲ್ಲಿ ಬರುವಿರಿ? ಸ್ವರ್ಣಹಂಸ ಎಂದು ದುಂಡಗೆ ಬರೆದು ಕೆಳಗೆ ಗೆರೆ ಎಳೆದಳು.

ಗುಮಾಸ್ತ ಶಾಯಿಗೆ ಊದುತ್ತ ಹೋದ. ಒಳಗಿನಿಂದ ಅತ್ತೆ ಕೇಳಿದರು, "ಏನೇ ಅದು ಬರೆದುಕೊಟ್ಟೆ?"

"ಹಡಗು ಚೆನ್ನಾಗಿದೆ ಅಂತ, ಅತ್ತೆ."

"ಮತ್ತೆ ಅದರಲ್ಲೇ ಹೋಗ್ತೀಯಾ?"

ಬಕುಳಾ ಹಿತ್ತಲಿಗೆ ಹೋಗಿ, ಒಣಗಿದ ಸೀರೆಗಳಲ್ಲಿ ನೀರು ತಾಗಿದರೂ ಬೇಗ ಆರುವಂಥ ಎರಡನ್ನು ಆರಿಸಿ, ಸಣ್ಣದಾಗಿ ಮಡಿಸತೊಡಗಿದಳು.