ಬ್ಯಾರಿಟೋನಿಗೆ ಒಗ್ಗರಣೆ

ಅರ್ಧಂಬರ್ಧ ಗೊತ್ತಿರುವುದನ್ನು ಧೈರ್ಯವಾಗಿ ಹೇಳಿಕೊಡುವ ಸುಖ ಪೂರ್ತಿ ಗೊತ್ತಿರುವವರಿಗೆ ಎಲ್ಲಿಂದ ಬರಬೇಕು? ನನ್ನ ಸಂಗೀತಜ್ಞಾನವೆಂದರೆ ಕಾನ್ವೆಂಟಿನ ಕ್ವಾಯರಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬಾಯಾಡಿಸಿದಷ್ಟು. ಆದರೆ ಸಿಸ್ಟರ್ ಒಬ್ಬರು ಗ್ರಾಮಫೋನಿನಲ್ಲಿ ಒಪೆರಾ ಹಾಕಿ, "ದಿಸ್, ಗರ್ಲ್ಸ್, ಈಸ್ ಎ ಬ್ಯಾರಿಟೋನ್" ಎಂದಿದ್ದರು. ಗಂಡಸಿನ ದನಿ ಅಷ್ಟು ಕೆಳಗಿಳಿದೂ ಅಷ್ಟು ಚೆನ್ನಾಗಿರಬಹುದೆಂದು ನನಗೆ ಗೊತ್ತಾದದ್ದು ಆಗಲೇ. ಐವತ್ತರ ದಶಕದ ಕೊನೆಗೆ ಇಷ್ಟೇ ಬಂಡವಾಳದೊಂದಿಗೆ ಹಿಂದೂಪುರಕ್ಕೆ ಸೊಸೆಯಾಗಿ ಬಂದೆ.

ಮೈದುನ ನರಸಿಂಹನಿಗೆ ನಾಟಕದ ಹುಚ್ಚು. ದನಿ ಮಾತ್ರ ಬಾವಿಯೊಳಗಿಂದ ಬಂದಂತೆ. ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕದ ಪದ್ಯವೆಂದರೆ ಹುಣಸೆಮರದ ತುದಿಗೇರಿ ಕೂರಬೇಕು. ಹಾಗಾಗಿ ಅವನಿಗೆ ಸಿಗುತ್ತಿದ್ದದ್ದು ಪರದೆಯ ಹಿಂದಿನ ಅಶರೀರವಾಣಿ ಒಂದೇ. "ಮಕ ಕಾಣದ ಪಾರ್ಟಿಗೆ ಬಣ್ಣ ಯಾಕ್ಲಾ ಬಳ್ಕಂತೀಯ?" ಎಂದು ನಮ್ಮತ್ತೆ ಹಂಗಿಸುವರು. ಅಷ್ಟರಲ್ಲಿ ಕಲ್ಯಾಣದುರ್ಗದ ನಾಟಕದ ಕಾಂಟ್ರಾಕ್ಟರಿಗೆ ಒಬ್ಬ ದುರ್ಯೋಧನ ಬೇಕಾದ. ಬೇಸಿಗೆ ಕಳೆಯಲಿ, ಬಂದು ದನಿ ಕೇಳಿಕೊಂಡು ಹೋಗುತ್ತೇನೆಂದು ಹೇಳಿಕಳಿಸಿದರು. ಮಾವನವರ ತೀರ್ಪು ಚಿಕ್ಕದು: "ಆಯಪ್ಪ ಒಪ್ಪಿದ್ರೆ ಹೋಗು. ಇಲ್ದಿದ್ರೆ ಕಡ್ಲೆಕಾಯಿ ಮಂಡಿಲಿ ಕೂತ್ಕ. ಆಮ್ಯಾಕೆ ನಾಟ್ಕ ಅಂದ್ರೆ ನೋಡು."

ನಾನು ಚಾರ್ಜ್ ತೆಗೆದುಕೊಂಡೆ. ಇವನದು ಬ್ಯಾರಿಟೋನ್, ಅದು ಬಹಳ ಡೆಲಿಕೇಟ್ ವಸ್ತುವೆಂದು ಸಾರಿ, ಹುಳಿ ನಿಲ್ಲಿಸಿದೆ, ಮೊಸರು ನಿಲ್ಲಿಸಿದೆ. ಘಾಟು ಗಂಟಲಿಗಾಗದೆಂದು ಒಗ್ಗರಣೆಯನ್ನೇ ನಿಲ್ಲಿಸಿದೆ. ಇಡೀ ಬೇಸಿಗೆ ಮನೆಮಂದಿಯೆಲ್ಲ ಬಾಣಂತಿಯರಂತೆ ಸಪ್ಪೆ ಸಾರು ಉಂಡೆವು. ದಿನಾ ಬೆಳಿಗ್ಗೆ ಅವನು ಬಾಯಿ ಅಗಲಿಸಿ "ಆ… ಓ…" ಎಂದು ಸ್ಕೇಲ್ಸ್ ಮಾಡುವುದನ್ನು ಕೇಳಲಾರದೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಲವಂಗದೆಣ್ಣೆ ಕೊಟ್ಟರು, ಹಲ್ಲುನೋವಿಗೆ.

ಕಾಂಟ್ರಾಕ್ಟರು ಬಂದ ದಿನ ಅತ್ತೆ ದಂಗೆಯೆದ್ದರು. "ಮನೆಗ್ ಬಂದೋರಿಗೆ ಒಗ್ಗರಣೆ ಇಲ್ದಿರೋ ಸಾರು ಬಡಿಸಾಕಾಯ್ತದೇನಮ್ಮ? ಅತ್ತಾಗೆ ಸರಿ." ಒಂದು ಬೇಸಿಗೆಯ ಸಿಟ್ಟೆಲ್ಲ ಒಂದೇ ಸೌಟಿಗೆ ಬಿತ್ತು. ಹಜಾರದಲ್ಲಿ ನರಸಿಂಹ ನಾನು ಕಲಿಸಿದಂತೆ ಮೆತ್ತಗೆ, ಕೆಳದನಿಯಲ್ಲಿ ಪದ್ಯ ಶುರುಮಾಡಿದ್ದ. ಕಾಂಟ್ರಾಕ್ಟರು ಆಗಲೇ ಕೂತಲ್ಲಿಂದ ಕಣ್ಣಲ್ಲೇ ಚಪ್ಪಲಿ ಹುಡುಕುತ್ತಿದ್ದರು. ಮೆಣಸಿನಕಾಯಿ ಘಾಟು ಹೋಗಿ ಬಡಿಯಿತು. ಇವನ ಕಣ್ಣು ಕೆಂಡವಾಯಿತು, ಕೆನ್ನೆ ಅದುರಿತು. ಒಮ್ಮೆ ಕೆಮ್ಮಿ, ಅಡಿಗೆಮನೆಯತ್ತ ದುರುಗುಟ್ಟಿ, ಉಳಿದ ಪದ್ಯವನ್ನು ತೊಲೆ ಅಲುಗುವಂತೆ ಗರ್ಜಿಸಿಬಿಟ್ಟ.

"ಅಬ್ಬಬ್ಬ, ಏಮಿ ಗೊಂತು!" ಕಾಂಟ್ರಾಕ್ಟರು ಕಣ್ಣೊರೆಸಿಕೊಳ್ಳುತ್ತ ಎದ್ದೇ ನಿಂತರು. "ಇಂಥ ಗಂಟ್ಲು ಇಕ್ಕಂಡು ಮನೇಲಿ ಕೂತವ್ನಲ್ಲಾ ಸಾಮಿ!" ಅತ್ತೆ ನನ್ನನ್ನೊಮ್ಮೆ ನೋಡಿ, ಸಾರಿಗೆ ಮುಚ್ಚಳ ಮುಚ್ಚಿದರು.

ಆಮೇಲೆ ಕುಂದುರ್ಪಿಯಿಂದ ಸೋಮಂದೇಪಲ್ಲಿಯವರೆಗೆ ಅವನದೇ ಹೆಸರು. ಆದರೆ ನಾನು ಹೇಳಬೇಕೆಂದಿರುವುದು ಕಲ್ಯಾಣದುರ್ಗದ ಆ ಮೊದಲ ಆಟದ ಮಾತು. ಗರ್ಜನೆಗೊಂದು ಚಪ್ಪಾಳೆ ಗಿಟ್ಟಿಸುತ್ತಿದ್ದವನು ತೊಡೆ ಮುರಿದು ಬಿದ್ದಾಗ, ಏನು ತೋಚಿತೋ, ಒಂದೇ ಒಂದು ಸಾಲನ್ನು ಪೂರ್ತಿ ಕೆಳಗಿಳಿಸಿ, ನಾನು ಕಲಿಸಿದ ಹಾಗೆಯೇ ಹಾಡಿದ. ನನಗೆ ಕಣ್ಣು ತುಂಬಿ ಬಂತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಲೊಚಗುಟ್ಟಿದಳು: "ಪಾಪ, ದನಿ ಬಿದ್ದೋಯ್ತು ಕಣಮ್ಮ. ಅಷ್ಟೊತ್ತು ಚೆಂದಾಗಿ ಕಿರುಚ್ತಿದ್ದ."

"ಶೀತ ಆಗಿರ್ಬೇಕು" ಎಂದೆ. ಗುರು ಯಾರೆಂದು ಆಕೆ ಕೇಳಲಿಲ್ಲ. ನಾನೂ ನನ್ನ ಹೆಸರು ವಾಲಂಟಿಯರ್ ಮಾಡಲಿಲ್ಲ.