ಎರಡು ಹೊಲ, ಎರಡು ಚಡ್ಡಿ

ಮಾತು ಕಡಿಮೆ ಇರುತ್ತದೆಂದು ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದವನು ನಾನು. ಮಣ್ಣು ತಿರುಗಿ ಮಾತಾಡುವುದಿಲ್ಲ, ನಿಜ. ಆದರೆ ಅದನ್ನು ಹೊತ್ತು ತರುವವರು ಮಾತಾಡುತ್ತಾರೆ. ಶಿವಮೊಗ್ಗದಲ್ಲಿರುವ ನಮ್ಮ ಸಣ್ಣ ಲ್ಯಾಬಿನ ಬಾಗಿಲು ತೆರೆದರೆ ಸಾಕು, ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಹೂಕುಂಡದ ಮಣ್ಣು ತಂದು ಇಡೀ ಜಮೀನಿನ ಭವಿಷ್ಯ ಕೇಳಿದವರಿದ್ದಾರೆ. ಒಣಗಿಸಿ ತನ್ನಿ ಎಂದರೆ ಬಾಣಲೆಯಲ್ಲಿ ಹುರಿದು ತಂದವರಿದ್ದಾರೆ. ಘಮ ಚೆನ್ನಾಗಿತ್ತು.

ಅವೆಲ್ಲ ಬಂದುಹೋಗುವಂಥವು. ಕಳೆದ ಮಳೆಗಾಲದಲ್ಲಿ ಒಂದು ಜೋಡಿ ಬಂತು. ಅಲ್ಲಿಂದ ಎರಡು ತಿಂಗಳು ನಾನು ಕೂತಲ್ಲಿ ಕೂರಲಿಲ್ಲ.

೧. ಮೇಜಿನ ಮುಂದೆ

ಕುಂಸಿ ಕಡೆಯ ಗಂಡ ಹೆಂಡತಿ. ಇಬ್ಬರ ಕೈಯಲ್ಲೂ ಒಂದೊಂದು ಚೀಲ ಮಣ್ಣು. ಯಜಮಾನರದು ರಸ್ತೆ ಪಕ್ಕದ ಹೊಲದ್ದು. ಕೊಟ್ಟಿಗೆಯಿಂದ ದೂರವಾದ್ದರಿಂದ ಅದಕ್ಕೆ ವರ್ಷಗಳಿಂದ ಮೂಟೆ ಗೊಬ್ಬರ ಮಾತ್ರ. ಯಜಮಾನಿಯದು ಮನೆ ಹಿಂದಿನ ಹೊಲದ್ದು. ಅಲ್ಲಿಗೆ ಸಗಣಿ ಗೊಬ್ಬರ, ಕೊಯ್ಲಾದ ಮೇಲೆ ಅವರ ಎರಡು ಹಸುಗಳು ಮೇಯುವುದೂ ಅಲ್ಲೇ.

ಆ ಹಸುಗಳೇ ಜಗಳದ ಮೂಲ. ಯಜಮಾನರು ಅವನ್ನು ಭದ್ರಾವತಿಯ ಹಾಲಿನವನೊಬ್ಬನಿಗೆ ಮಾರಲು ಮಾತಾಡಿದ್ದರು. ಯಜಮಾನಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

"ಹಸು ಕಟ್ಕೊಂಡು ಒಂದು ಮದುವೆಗೆ ಹೋಗೋ ಹಾಗಿಲ್ಲ ಸಾರ್. ಗೊಬ್ಬರ ಮೂಟೇಲಿ ಸಿಗುತ್ತೆ. ಅದಕ್ಕೆ ಹುಲ್ಲು ಹಾಕ್ಬೇಕಾ, ನೀರು ಕುಡಿಸ್ಬೇಕಾ?" ಎಂದರು ಅವರು.

"ಇವರು ಮದುವೆಗೆ ಹೋಗಿ ಮಾಡೋದು ನಂಗೊತ್ತಿಲ್ವಾ? ಊಟಕ್ಕೆ ಮೊದಲನೇ ಪಂಕ್ತಿ, ಮುಯ್ಯಿಗೆ ಕೊನೇ ಸಾಲು" ಎಂದರು ಆಕೆ.

ನಾನು ಹೇಳಿದೆ: ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಯೂರಿಯಾ ವಿಷವಲ್ಲ, ಅದು ಬೆಳೆಯ ಊಟ. ಸಗಣಿ ಗೊಬ್ಬರ ಈ ಜೀವಿಗಳಿಗೂ ಊಟ. ಅವಕ್ಕೆ ವರ್ಷಗಟ್ಟಲೆ ಉಪವಾಸ ಬಿದ್ದರೆ ಮಣ್ಣು ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಇದು ದೊಡ್ಡ ಭಾಷಣ.

"ಕಣ್ಣಿಗೆ ಕಾಣದೋರಿಗೆ ಊಟ ಹಾಕೋಕೆ ನಾನು ಹಸು ಸಾಕ್ಬೇಕಾ?" ಎಂದರು ಯಜಮಾನರು.

ಕಾಣುವ ಹಾಗೆ ಮಾಡುವ ದಾರಿಯೊಂದಿತ್ತು. ಒಂದೇ ಥರದ ಎರಡು ಹತ್ತಿ ಚಡ್ಡಿ ತಂದು ಹೊಲಕ್ಕೊಂದರಂತೆ ಹೂಳುವುದು, ಎರಡು ತಿಂಗಳಾದ ಮೇಲೆ ತೆಗೆಯುವುದು. ಮಣ್ಣಿನ ಜೀವಿಗಳು ಹತ್ತಿ ತಿನ್ನುತ್ತವೆ. ಹೆಚ್ಚು ತಿಂದ ಹೊಲದಲ್ಲಿ ಹೆಚ್ಚು ಜೀವ. ಇಲಾಸ್ಟಿಕ್ ಮಾತ್ರ ಕರಗುವುದಿಲ್ಲ, ಆದ್ದರಿಂದ ಬಟ್ಟೆ ಪೂರ್ತಿ ಹೋದರೂ ಹೂತದ್ದರ ಗುರುತು ಉಳಿಯುತ್ತದೆ.

ಇಬ್ಬರೂ ಒಪ್ಪಿದರು. ಎರಡೂ ಚಡ್ಡಿ ಒಂದೇ ಥರ ಹೊರಬಂದರೆ ಹಸುಗಳು ಭದ್ರಾವತಿಗೆ. ಮನೆ ಹಿಂದಿನದು ಹೆಚ್ಚು ಕರಗಿದ್ದರೆ ಹಸುಗಳು ಕೊಟ್ಟಿಗೆಯಲ್ಲೇ.

ಬಾಗಿಲ ಹತ್ತಿರ ಆಕೆ ತಿರುಗಿ ನಿಂತರು. "ಚಡ್ಡಿ ನೀವೇ ತನ್ನಿ ಸಾರ್. ಇವರವು ಹೂಳೋಕೆ ಮೊದಲೇ ಅರ್ಧ ಕರಗಿವೆ."

೨. ಸವಳಂಗ ರಸ್ತೆಯಲ್ಲಿ

ಸವಳಂಗ ರಸ್ತೆಯಲ್ಲಿ ವಯಸ್ಸಾದ ಸಾಬರೊಬ್ಬರ ಬಟ್ಟೆ ಅಂಗಡಿ ಇದೆ. ಎರಡು ಬಿಳಿ ಚಡ್ಡಿ ಬೇಕು, ಪೂರ್ತಿ ಹತ್ತಿಯದು ಎಂದೆ.

"ಸೈಜು?"

"ಯಾವುದಾದ್ರೂ ಆಗುತ್ತೆ. ಎರಡೂ ಒಂದೇ ಇರ್ಲಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಯಾರಿಗೆ ಸಾರ್?"

"ಯಾರಿಗೂ ಅಲ್ಲ."

"ಹಾಕ್ಕೊಳ್ಳೋದಕ್ಕೇ ತಾನೇ?"

"ಹೂಳೋದಕ್ಕೆ."

ಅವರು ಧ್ವನಿ ತಗ್ಗಿಸಿದರು. "ಛೆ. ಯಾರು ಹೋದ್ರು ಸಾರ್?"

"ಯಾರೂ ಹೋಗಿಲ್ಲ. ಎರಡು ತಿಂಗಳು ಬಿಟ್ಟು ತೆಗೀತೀನಿ."

ಅವರು ಗಲ್ಲಾದ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದು, ಚಡ್ಡಿಯ ಡಬ್ಬಿಯನ್ನು ಕೋಲಿನಿಂದ ತಳ್ಳುವವರ ಹಾಗೆ ನನ್ನತ್ತ ತಳ್ಳಿದರು. ನಾನು ಇಲಾಸ್ಟಿಕ್ ಎಳೆದು ನೋಡಿದೆ. ಅದು ಮುಖ್ಯ.

"ಮಣ್ಣಲ್ಲಿ ಬಾಳಿಕೆ ಬರುತ್ತಾ?" ಎಂದೆ.

"ಕಂಪನಿ ಮಾಲು ಸಾರ್. ಅಲ್ಲಿಂದ ವಾಪಸ್ ಬಂದು ಕಂಪ್ಲೇಂಟ್ ಮಾಡಿದೋರು ಇವತ್ತಿನವರೆಗೂ ಯಾರೂ ಇಲ್ಲ."

೩. ಬದುವಿನ ಮೇಲೆ

ಮೆಕ್ಕೆಜೋಳ ಮೊಳಕಾಲೆತ್ತರ ಬಂದಿತ್ತು. ಮನೆ ಹಿಂದಿನ ಹೊಲದಲ್ಲಿ ಒಂದು ಚಡ್ಡಿ ಹೂತು, ಗುರುತಿಗೆ ಕೋಲು ನೆಟ್ಟು, ಅದರ ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದೆ. ರಸ್ತೆ ಪಕ್ಕದ ಹೊಲಕ್ಕೆ ಬಂದು, ಅಲ್ಲೂ ಅಂಥದ್ದೇ ಕೋಲು ನೆಟ್ಟು, ಎರಡನೆಯದನ್ನು ಗುಂಡಿಯಲ್ಲಿ ಹರಡುತ್ತಿದ್ದಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ಪಕ್ಕದ ಹೊಲದವರು ಬದುವಿನ ಮೇಲೆ ನಿಂತಿದ್ದರು.

ಬಿಳಿ ಬಟ್ಟೆ, ಕೆಂಪು ಚೂರು, ಮಾತಾಡದ ಮನುಷ್ಯ. ಅವರು ಏನೆಂದುಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಚಡ್ಡಿ ಯಾರದ್ದು?" ಎಂದು ಮೆಲ್ಲಗೆ ಕೇಳಿದರು.

"ಹೊಸದು."

"ಹೊಸದರಲ್ಲೂ ಆಗುತ್ತಾ?"

"ಹೊಸದರಲ್ಲೇ ಸರಿಯಾಗಿ ಗೊತ್ತಾಗೋದು."

"ಎಷ್ಟು ದಿನಕ್ಕೆ ಹಿಡಿಯುತ್ತೆ?"

"ಎರಡು ತಿಂಗಳು."

ಇದು ಮಾಟ ಅಲ್ಲ, ಮಣ್ಣು ಪರೀಕ್ಷೆ ಎಂದು ಆಗ ಹೇಳಿದೆ. ಅವರು ತಲೆಯಾಡಿಸಿದರು, ಎಲ್ಲರೂ ಹಾಗೇ ಹೇಳುತ್ತಾರೆ ಎನ್ನುವಂತೆ. ಮಣ್ಣು ಮುಚ್ಚಿ ಎದ್ದು ಹೊರಟರೆ ರಸ್ತೆವರೆಗೂ ಹಿಂದೆಯೇ ಬಂದರು.

"ಸಾರ್, ಆ ಕಡೆ ಬೇಲಿ ಹಾಕಿರೋದು ನಮ್ಮ ಅಣ್ಣನ ಹೊಲ. ಅಲ್ಲೂ ಒಂದು ಪರೀಕ್ಷೆ ಮಾಡ್ಬಿಡಿ. ಚಡ್ಡಿ ಬೇಕಾದ್ರೆ ಅವನದ್ದೇ ತಂದ್ಕೊಡ್ತೀನಿ."

೪. ಬಸ್ಸಿನಲ್ಲಿ

ಅವತ್ತೇ ಎರಡೂ ಹೊಲದಿಂದ ಹಸಿ ಮಣ್ಣು ತಂದಿದ್ದೆ, ಜೀವಿಗಳನ್ನು ಎಣಿಸೋಣವೆಂದು. ಲ್ಯಾಬಿಗೆ ಬಂದರೆ ಫ್ರಿಜ್ಜು ಕೆಟ್ಟಿತ್ತು. ಥರ್ಮಾಕೋಲ್ ಡಬ್ಬಿಯಲ್ಲಿ ಐಸು ತುಂಬಿ, ಭದ್ರಾವತಿಯ ನಮ್ಮ ಮನೆಯ ಫ್ರಿಜ್ಜಿಗೆ ಒಯ್ಯಲು ಬಸ್ಸು ಹತ್ತಿದೆ. ಸೆಖೆ. ಐಸು ಕರಗುವ ಯೋಚನೆ. ಡಬ್ಬಿಯ ಮುಚ್ಚಳ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ.

ಮಾಚೇನಹಳ್ಳಿಯಲ್ಲಿ ಕಾರ್ಖಾನೆಯ ಶಿಫ್ಟು ಮುಗಿಸಿದವರು ಹತ್ತಿ ಬಸ್ಸು ಕಿಕ್ಕಿರಿಯಿತು. ಪಕ್ಕದಲ್ಲಿ ಒತ್ತಿಕೊಂಡು ಕೂತವರು "ಮೀನಾ ಸಾರ್?" ಎಂದರು.

"ಮಣ್ಣು."

ಕಂಡಕ್ಟರ್ ನಿಂತರು. "ಮಣ್ಣಿಗೆ ಯಾಕೆ ಸಾರ್ ಐಸು?"

"ಬಿಸಿಯಾದ್ರೆ ಒಳಗಿರೋವು ಹಾಳಾಗ್ತವೆ."

"ಏನು ಒಳಗಿರೋವು?"

"ಜೀವ ಇರೋವು."

ಪಕ್ಕದವರು ಎದ್ದು ನಿಂತರು. ಅವರ ಹಿಂದೆ ಇನ್ನಿಬ್ಬರು. ಆ ಸೀಟಿನಲ್ಲಿ ಭದ್ರಾವತಿವರೆಗೆ ನಾನೊಬ್ಬನೇ ಹರಡಿಕೊಂಡು ಕೂತೆ.

ಕಂಡಕ್ಟರ್ ಮಾತ್ರ ಅಲುಗಲಿಲ್ಲ. "ಕೋಳಿ ತಂದ್ರೂ ಟಿಕೆಟ್ ಇದೆ ಸಾರ್ ನಮ್ಮಲ್ಲಿ. ಎಷ್ಟಿವೆ?"

"ಕೋಟಿಗಟ್ಟಲೆ."

ಅವರು ಡಬ್ಬಿಯನ್ನು ನೋಡಿದರು, ಟಿಕೆಟ್ ಮೆಷಿನ್ ನೋಡಿದರು. "ಒಂದು ಲಗೇಜ್ ಅಂತ ಹಾಕ್ತೀನಿ. ತಲೆ ಲೆಕ್ಕ ಹಿಡಿದ್ರೆ ನಾನೂ ಡ್ರೈವರ್ರೂ ಇಲ್ಲೇ ಇಳಿದು ಬಸ್ಸು ನಿಮಗೇ ಬಿಟ್ಟುಕೊಡ್ಬೇಕಾಗುತ್ತೆ."

೫. ಹೆಗ್ಗಣ

ಎಣಿಕೆ ಯಜಮಾನಿಯ ಪರವಾಗಿಯೇ ಬಂತು. ಫೋನು ಮಾಡಿ ಹೇಳಿದರೆ ಯಜಮಾನರು, "ಅದು ನಿಮ್ಮ ಲೆಕ್ಕ ಸಾರ್. ನಮ್ಮ ಮಾತು ಆಗಿರೋದು ಚಡ್ಡಿ ಮೇಲೆ" ಎಂದರು.

ನನಗೂ ಸಮಾಧಾನವಿರಲಿಲ್ಲ. ಮಳೆ ಕೈಕೊಟ್ಟು ಮಣ್ಣು ಒಣಗಿದರೆ ಯಾವ ಜೀವಿಯೂ ಕೆಲಸ ಮಾಡುವುದಿಲ್ಲ, ಎರಡೂ ಚಡ್ಡಿ ಗಟ್ಟಿಯಾಗಿಯೇ ಹೊರಬಂದು ಹಸುಗಳು ಹೋಗಿಬಿಡುತ್ತವೆ. ಪುಸ್ತಕ ಹಿಡಿದರೆ ಒಂದೇ ಪುಟ ತಿರುತಿರುಗಿ ಓದುತ್ತಿದ್ದೆ. ಕಿಟಕಿಯಿಂದ ಮೋಡ ನೋಡಿ ಬರುತ್ತಿದ್ದೆ.

ಫೋನು ಬೇರೆ. ಬೆಳಿಗ್ಗೆ ಯಜಮಾನಿ, ಕೊಟ್ಟಿಗೆಯಿಂದ, ಪಿಸುಮಾತಲ್ಲಿ: "ಸಾರ್, ಇಷ್ಟು ಹೊತ್ತಿಗೆ ಕರಗಿರುತ್ತಾ?" ಮಧ್ಯಾಹ್ನ ಯಜಮಾನರು, ಹೊಲದಿಂದ, ಅದೇ ಪಿಸುಮಾತಲ್ಲಿ: "ಸಾರ್, ಅಷ್ಟು ಸುಲಭಕ್ಕೆ ಕರಗಲ್ಲ ಅಲ್ವಾ?" ಸಂಜೆ ಭದ್ರಾವತಿಯ ಹಾಲಿನವನು. ಅವನಿಗೆ ಪಿಸುಮಾತಿನ ಅಗತ್ಯವಿರಲಿಲ್ಲ. "ಏನ್ ಸಾರ್, ಚಡ್ಡಿ ಸಮಾಚಾರ?" ಎಂದು ಅವನು ಕೂಗುವುದು ಲ್ಯಾಬಿನಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

ತಡೆಯಲಾರದೆ ಒಂದು ದಿನ ಕುಂಸಿಗೆ ಹೋದೆ. ಎರಡೂ ಕೋಲುಗಳ ಬುಡದಲ್ಲಿ ಮಣ್ಣು ಹೊಸದಾಗಿ ಕೆದಕಿದಂತಿತ್ತು. ಒಂದು ಕಡೆ ಬರಿಗಾಲಿನ ಗುರುತು, ಇನ್ನೊಂದು ಕಡೆ ಹವಾಯಿ ಚಪ್ಪಲಿಯದು.

"ಯಾರು ತೆಗೆದು ನೋಡಿದ್ದು?" ಎಂದೆ.

"ಹೆಗ್ಗಣ ಸಾರ್" ಎಂದರು ಯಜಮಾನರು.

"ಹೌದು ಸಾರ್, ಹೆಗ್ಗಣವೇ" ಎಂದರು ಯಜಮಾನಿ.

ಆ ಎರಡು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

೬. ತೆಗೆದ ದಿನ

ಮಳೆ ಕೈಕೊಡಲಿಲ್ಲ. ತೆಗೆಯುವ ದಿನ ಹಾಲಿನವನು ಗೂಡ್ಸ್ ಆಟೋ ತಂದು, ಹಿಂದೆ ಹುಲ್ಲು ಹಾಸಿಕೊಂಡೇ ಬಂದಿದ್ದ. ಹಗ್ಗವೂ ತಂದಿದ್ದ. ಯಜಮಾನಿ ಆ ಹಗ್ಗದ ಕಡೆ ನೋಡಿ, ಮನೆ ಹಿಂದಿನ ಬೇಲಿಗೆ ಕಟ್ಟಿದ್ದ ಕೆಂಪು ಹಸುವಿನ ಕುತ್ತಿಗೆ ಸವರಿದರು. ಬರೀ ಮಣ್ಣಿನ ವರದಿ ಬರೆದುಕೊಟ್ಟು ನಾನು ಸುಮ್ಮನಿರಬಹುದಿತ್ತು.

ಮೊದಲು ರಸ್ತೆ ಪಕ್ಕದ ಹೊಲ. ಚಡ್ಡಿ ಇಡಿಯಾಗಿ ಬಂತು. ಅಲ್ಲಲ್ಲಿ ಕಲೆ, ಒಂದೆರಡು ತೂತು, ಅಷ್ಟೆ. ಕಂಪನಿ ಹೆಸರೂ ಓದಬಹುದಿತ್ತು. ಯಜಮಾನರು ಅದನ್ನು ಮನೆಗೆ ತಂದು ನಲ್ಲಿಯಡಿ ಹಿಂಡಿ ಅದೇ ಬೇಲಿಯ ಮೇಲೆ ಒಣಹಾಕಿದರು. "ಇನ್ನೂ ಒಂದು ವರ್ಷ ಬರುತ್ತೆ" ಎಂದರು. ಅದು ತಮ್ಮ ಸೋಲಿನ ಗುರುತು ಎನ್ನುವುದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಆಮೇಲೆ ಮನೆ ಹಿಂದಿನ ಹೊಲ. ಕೈಯಿಂದ ಮಣ್ಣು ಬಿಡಿಸಿದೆ. ಎರೆಹುಳು ಬಂತು, ಬೇರು ಬಂತು, ಕೊನೆಗೆ ಇಲಾಸ್ಟಿಕ್ ಪಟ್ಟಿ ಬಂತು. ಬಟ್ಟೆ ಇರಲಿಲ್ಲ.

ಯಜಮಾನಿ ಆ ಪಟ್ಟಿಯನ್ನು ಬೆರಳಲ್ಲಿ ಎತ್ತಿ ಹಿಡಿದು ಹಾಲಿನವನಿಗೆ, "ಹಗ್ಗ ಸುತ್ತಿಡಪ್ಪ" ಎಂದರು.

"ತಡಿ ಮಾರಾಯ್ತಿ, ಎರಡೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ನ್ಯಾಯ ಅಂದ್ರೆ ನ್ಯಾಯ" ಎಂದು ಯಜಮಾನರು ಬೇಲಿಯ ಕಡೆ ತಿರುಗಿದರು.

ಬೇಲಿಯ ಮೇಲೆ ಏನೂ ಇರಲಿಲ್ಲ. ಕೆಂಪು ಹಸು ನಿಧಾನವಾಗಿ ಅಗಿಯುತ್ತಿತ್ತು. ಬಾಯಿಯ ಪಕ್ಕದಲ್ಲಿ ಇಲಾಸ್ಟಿಕ್ ಜೋತಾಡುತ್ತಿತ್ತು. ಯಜಮಾನಿ ಓಡಿಹೋಗಿ ಎಳೆದರು. ಪಟ್ಟಿ ಕೈಗೆ ಬಂತು, ಬಟ್ಟೆ ಒಳಗೆ ಹೋಯಿತು.

ಯಜಮಾನರು ಎರಡೂ ಪಟ್ಟಿಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟರು. ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಎರಡೂ ಒಂದೇ ಥರ. ಮಾತು ಅಂದ್ರೆ ಮಾತು. ಹಗ್ಗ ತಗೋ ಬಾರಪ್ಪ."

ಎಲ್ಲರೂ ನನ್ನನ್ನು ನೋಡಿದರು. ಏನಾದರೂ ಹೇಳಲೇಬೇಕಿತ್ತು. ನನಗೆ ಗೊತ್ತಿದ್ದುದನ್ನೇ ಹೇಳಿದೆ. "ಹಸುವಿನ ಹೊಟ್ಟೇಲೂ ಮಣ್ಣಲ್ಲಿರೋ ಥರದ ಜೀವಿಗಳೇ ಇರ್ತವೆ. ಹತ್ತಿ ಕರಗಿಸೋದು ಅಲ್ಲೂ ಅವೇ."

ಯಜಮಾನಿಗೆ ಅಷ್ಟು ಸಾಕಾಯಿತು. "ಕೇಳಿಸ್ತೇನ್ರೀ? ಮನೆ ಹಿಂದಿನ ಹೊಲಕ್ಕೆ ಬಾಯಿ ಇದೆ, ತಾನೇ ತಿಂತು. ನಿಮ್ಮ ರಸ್ತೆ ಹೊಲಕ್ಕೆ ಎರಡು ತಿಂಗಳಾದ್ರೂ ಆಗ್ಲಿಲ್ಲ, ಪಾಪ ನನ್ನ ಕೆಂಪಿ ಅದರ ಪಾಲಿಂದೂ ತಿಂದ್ಕೊಟ್ಟಳು. ಇವಳನ್ನ ಮಾರಿದ್ರೆ ಆ ಹೊಲದ ಪರವಾಗಿ ಇನ್ನು ಯಾರು ತಿಂತಾರೆ, ನೀವಾ?"

ಅಷ್ಟರಲ್ಲಿ ಹಾಲಿನವನು ಹಗ್ಗ ಸುತ್ತತೊಡಗಿದ್ದ.

"ನಂಗೆ ಬೇಡ ಸಾರ್. ನಮ್ಮ ಲೈನ್ ಮನೆಗಳಲ್ಲಿ ಎಲ್ರೂ ಬಾಗಿಲ ಮುಂದೇನೇ ಬಟ್ಟೆ ಒಣಹಾಕ್ತಾರೆ. ಇವತ್ತು ಚಡ್ಡಿ, ನಾಳೆ ಪಕ್ಕದ್ಮನೆ ಅಕ್ಕನ ಸೀರೆ. ಹಾಲಿಗಿಂತ ಜಾಸ್ತಿ ನಾನು ಬೈಗುಳ ಕರೀಬೇಕಾಗುತ್ತೆ."

ಆಟೋ ಖಾಲಿ ಹೋಯಿತು. ಮಾರನೆಯ ದಿನ, ಅದರ ಮಾರನೆಯ ದಿನ, ನಾನೇ ಫೋನು ಮಾಡಿ ಕೆಂಪಿಯ ಹೊಟ್ಟೆ ವಿಚಾರಿಸಿದೆ. ಏನೂ ಆಗಿರಲಿಲ್ಲ. ಎರಡನೆಯ ಸಲ ಫೋನು ಎತ್ತಿದ ಯಜಮಾನರು ಗಾಡಿಯಲ್ಲಿ ಸಗಣಿ ಗೊಬ್ಬರ ತುಂಬಿಕೊಂಡು ರಸ್ತೆ ಪಕ್ಕದ ಹೊಲಕ್ಕೆ ಹೊರಟಿದ್ದರು. "ಮುಂದಿನ ಮಳೆಗಾಲಕ್ಕೆ ಆ ಹೊಲದಲ್ಲಿ ಇನ್ನೊಂದು ಹೂಳ್ಬೇಕು ಸಾರ್. ಈ ಸಲ ಹಸು ಕೊಟ್ಟಿಗೇಲಿ ಕಟ್ಟಿ ಆಮೇಲೆ ತೆಗೆಯೋದು" ಎಂದರು.

ಆದ್ದರಿಂದ ಮತ್ತೆ ಸವಳಂಗ ರಸ್ತೆಗೆ ಹೋದೆ. ಸಾಬರು ನನ್ನನ್ನು ಮರೆತಿರಲಿಲ್ಲ. ಇನ್ನೊಬ್ಬ ಗಿರಾಕಿಯ ಮುಂದೆ ಚಡ್ಡಿ ಹರಡಿದ್ದವರು ಅದನ್ನು ಅಲ್ಲೇ ಬಿಟ್ಟು ಬಂದರು.

"ಹೂತಿದ್ದು ಏನಾಯ್ತು ಸಾರ್?"

"ಒಂದನ್ನ ಮಣ್ಣು ತಿಂತು. ಇನ್ನೊಂದನ್ನ ಹಸು ತಿಂತು."

"ಇಲಾಸ್ಟಿಕ್?"

"ಎರಡೂ ಗಟ್ಟಿಯಾಗಿವೆ."

ಸಾಬರು ಗಿರಾಕಿಯ ಕಡೆ ಹೆಮ್ಮೆಯಿಂದ ತಿರುಗಿದರು. "ಕೇಳಿದ್ರಲ್ಲ? ಮಣ್ಣಲ್ಲೂ ಹಸು ಬಾಯಲ್ಲೂ ಪಾಸಾಗಿರೋ ಮಾಲು. ಈ ಸಾರೇ ಸಾಕ್ಷಿ."

ಗಿರಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ಕೈಯಲ್ಲಿದ್ದ ಚಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟು, "ಹಸು ಬಾಯಿ ಹಾಕದೇ ಇರೋಂಥದ್ದು ಯಾವುದಾದ್ರೂ ಇದ್ರೆ ತೋರಿಸಿ" ಎಂದರು.