ಟೈಲರಮ್ಮನನ್ನು ವಿಮೆಗೆ ಸೇರಿಸಿದ ಕಥೆ

ವಿಮೆ ಏಜೆಂಟನಾದವನು ದಿನಕ್ಕೆ ನಾಲ್ಕು ಸಲವಾದರೂ ಕಾಯಿಲೆ, ಸಾವು ಅನ್ನುವ ಮಾತು ಆಡಲೇಬೇಕು. ನಾನು ಮೂವತ್ತು ವರ್ಷದಿಂದ ಆಡುತ್ತಿದ್ದೇನೆ. ಇಂಥ ಕಸುಬಿನಲ್ಲೂ ನಗುವಂಥದ್ದು ಆಗುತ್ತಲೇ ಇರುತ್ತದೆ, ಅದೂ ನಗಬಾರದ ಹೊತ್ತಿನಲ್ಲೇ. ಹೋದ ವರ್ಷ ಒಂದೇ ಒಂದು ಅರ್ಜಿಯ ಹಿಂದೆ ಓಡಾಡಿದಾಗ ಆದಂಥವು ಇವು.

೧. ಹುಡುಗಿಯ ಅಪ್ಪನಿಗೆ ಪತ್ರ

ಕಡಕೊಳದ ಒಂದು ಫ್ಯಾಕ್ಟರಿಯ ನೌಕರರ ಆರೋಗ್ಯ ವಿಮೆಯ ಕಾಗದಪತ್ರ ನೋಡಿಕೊಳ್ಳುವವನು ನಾನು. ಹೋದ ವರ್ಷ ಅಲ್ಲಿ ಹೊಸ ನೋಟಿಸು ಅಂಟಿಸಿದರು. ಮದುವೆ ಆಗಿರಲಿ ಬಿಡಲಿ, ಗಂಡಾಗಲಿ ಹೆಣ್ಣಾಗಲಿ, ಒಂದೇ ಮನೆಯಲ್ಲಿ ವರ್ಷದ ಮೇಲೆ ಜೊತೆಯಾಗಿ ಬಾಳುತ್ತಿರುವ ಸಂಗಾತಿಯನ್ನು ವಿಮೆಗೆ ಸೇರಿಸಬಹುದು ಎಂದು. ನಾನು ಅರ್ಜಿಗಳ ಕಟ್ಟು ಇಟ್ಟುಕೊಂಡು ಕ್ಯಾಂಟೀನಿನಲ್ಲಿ ಕೂತೆ. ಎರಡು ದಿನ ಯಾರೂ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಒಬ್ಬ ಫಿಟ್ಟರ್ ಬಂದ.

"ಸಾರ್, ನಂಗೆ ನಿಶ್ಚಿತಾರ್ಥ ಆಗೈತೆ. ಹುಡುಗೀನ ಸೇರಿಸ್ಬೋದಾ?"

"ಜೊತೇಲಿ ಇದ್ದೀರಾ?"

"ಎಲ್ಲಿ ಸಾರ್! ಅವ್ರಪ್ಪ ಫೋನಲ್ಲೇ ಹತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡಕ್ಕೆ ಬುಡಲ್ಲ."

"ಹಂಗಾದ್ರೆ ಆಗಲ್ಲಪ್ಪ. ಒಂದೇ ಮನೇಲಿ ಒಂದು ವರ್ಷ ಇದ್ದಿರ್ಬೇಕು."

ಅವನು ಗಂಭೀರವಾಗಿ ಹೇಳಿದ: "ಅದನ್ನೇ ಕಂಪನಿ ರೂಲ್ಸು ಅಂತ ಅವ್ರಪ್ಪಂಗೆ ಒಂದು ಲೆಟರ್ ಬರ್ಕೊಡಿ ಸಾರ್."

೨. ನನ್ನ ದೊಡ್ಡತನ

ಅದೇ ದಿನ, ಕ್ಯಾಂಟೀನು ಖಾಲಿಯಾಗುವವರೆಗೂ ಕಾದು, ಸೂಪರ್‌ವೈಸರ್ ಮೇಡಂ ಬಂದರು. ವಯಸ್ಸು ಐವತ್ತರ ಹತ್ತಿರ. ಎರಡು ಆಧಾರ್ ಕಾರ್ಡುಗಳನ್ನು ಮುಂದಿಟ್ಟರು. ಒಂದು ಅವರದು. ಇನ್ನೊಂದು ಮಂಡಿ ಮೊಹಲ್ಲಾದಲ್ಲಿ ರವಿಕೆ ಹೊಲಿಯುವ ಟೈಲರಮ್ಮನದು. ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಜೊತೆಯಲ್ಲಿದ್ದಾರೆ. ಟೈಲರಮ್ಮನ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಮುಂದೂಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟು ಹೇಳುವಷ್ಟರಲ್ಲಿ ಮೇಡಂ ಕೈಯಲ್ಲಿದ್ದ ಕರವಸ್ತ್ರ ಮುದ್ದೆಯಾಗಿತ್ತು.

ನನಗೊಂದು ಕೆಟ್ಟ ಅಭ್ಯಾಸ. ಜನರ ಅರ್ಜಿಯನ್ನು ನಾನೇ ತುಂಬುತ್ತೇನೆ, ‘ಸಂಬಂಧ’ ಅನ್ನುವ ಕಾಲಂ ಬಂದಾಗ ಕೇಳುವುದೇ ಇಲ್ಲ. ಪಾಪ, ಹೆಂಗಸರು, ಯಾಕೆ ಮುಜುಗರ ಎಂದುಕೊಂಡು, ನಿಯಮವನ್ನೂ ಮರೆತು, ‘ತಂಗಿ’ ಎಂದು ಬರೆದೆ. ಎಂಥ ದೊಡ್ಡ ಮನಸ್ಸು ನನ್ನದು ಎಂದು ಆ ರಾತ್ರಿ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದೆ.

ಹತ್ತು ದಿನಕ್ಕೆ ಅರ್ಜಿ ವಾಪಸು ಬಂತು, ಜೊತೆಗೆ ವಿಮೆ ಆಫೀಸಿನ ಪತ್ರ: ತಂಗಿಯನ್ನು ಸೇರಿಸುವಂತಿಲ್ಲ, ಅಲ್ಲದೆ ಅಕ್ಕನ ತಂದೆ ಗೌಡರಾಗಿದ್ದು ತಂಗಿಯ ತಂದೆ ಅಂತೋಣಿ ಆದದ್ದು ಹೇಗೆ, ತಿಳಿಸಿ.

ಮೇಡಂ ಕಾಗದ ಓದಿದರು. ಅವರ ಕಣ್ಣು ತುಂಬಿತು. "ಸಾರ್, ಅಕ್ಕತಂಗಿ, ದೂರದ ನೆಂಟ್ರು ಅಂತ ಇಪ್ಪತ್ತೆರಡು ವರ್ಷ ಊರಿಗೆಲ್ಲ ಸುಳ್ಳು ಹೇಳ್ದೋಳು ನಾನು. ಸುಳ್ಳೇ ಬೇಕಾಗಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ? ನಿಮಗಿಂತ ಚೆನ್ನಾಗಿ ನಾನೇ ಹೇಳ್ತಿದ್ದೆ."

೩. ಮೂರು ವರ್ಷ ಚಿಕ್ಕ ತಾಯಿ

ಈ ಸಲ ‘ಸಂಗಾತಿ’ ಎಂದೇ ಬರೆದು ಕಳಿಸಿದೆ. ಆದರೆ ವಿಮೆ ಆಫೀಸಿನ ಕಂಪ್ಯೂಟರಿಗೆ ಆ ಪದ ಇನ್ನೂ ಬಂದಿರಲಿಲ್ಲ. ಅಲ್ಲಿದ್ದದ್ದು ಗಂಡ, ಹೆಂಡತಿ, ಮಗ, ಮಗಳು, ತಂದೆ, ತಾಯಿ ಮಾತ್ರ. ಗುಮಾಸ್ತ ಸದ್ಯಕ್ಕಿರಲಿ ಎಂದು ‘ತಾಯಿ’ ಒತ್ತಿದ. ಅಲ್ಲಿಂದ ಇನ್ನೊಂದು ಪತ್ರ: ತಾಯಿ ಮಗಳಿಗಿಂತ ಮೂರು ವರ್ಷ ಚಿಕ್ಕವರಾಗಿದ್ದಾರೆ, ವಿವರಣೆ ಕೊಡಿ.

ಇದನ್ನು ಹೇಳಲು ಟೈಲರಮ್ಮನ ಅಂಗಡಿಗೆ ಹೋದೆ. ಹಿಂದಿನ ಎರಡು ಕೋಣೆ ಮನೆ, ಮುಂದಿನ ಕೋಣೆ ಅಂಗಡಿ. ಆಕೆ ನಗಲು ಶುರು ಮಾಡಿದರು, ಅರ್ಧಕ್ಕೇ ಉಸಿರು ಸಾಲದೆ ಎದೆ ಹಿಡಿದುಕೊಂಡು ಮಿಷನ್ನಿಗೆ ಒರಗಿದರು. ಮೇಡಂ ಒಳಗಿಂದ ಓಡಿಬಂದು ಬೆನ್ನು ನೀವಿದರು. ಈ ಕಾಗದದಾಟ ಮುಗಿಯುವುದರೊಳಗೆ ಈಕೆ ಉಳಿಯುತ್ತಾರೋ ಇಲ್ಲವೋ ಎಂದು ನಿಜವಾಗಿ ಹೆದರಿದೆ.

ಉಸಿರು ತಹಬಂದಿಗೆ ಬಂದ ಮೇಲೆ ಟೈಲರಮ್ಮ ಮೇಡಂ ಕಡೆ ಬೆರಳು ತೋರಿಸಿದರು. "ಸರ್ಕಾರಿ ಲೆಕ್ಕದಲ್ಲಿ ನಾನು ತಾಯಿ ಕಣೇ. ಇನ್ಮೇಲಾದ್ರೂ ಹೇಳ್ದಂಗೆ ಕೇಳು."

೪. ವಠಾರದ ಸಾಕ್ಷಿ

ಕಂಪ್ಯೂಟರಿಗೆ ‘ಸಂಗಾತಿ’ ಪದ ಹಾಕಿಸಿ ಗುಮಾಸ್ತನ ತಪ್ಪು ತಿದ್ದಿಸಿದ್ದಾಯಿತು. ಆದರೆ ಬಾಡಿಗೆ ಕರಾರು ಮೇಡಂ ಒಬ್ಬರ ಹೆಸರಿನಲ್ಲಿತ್ತು. ಒಟ್ಟಿಗೆ ಬಾಳುತ್ತಿರುವುದು ನಿಜವೇ ಎಂದು ವಿಚಾರಿಸಲು ಒಬ್ಬ ಆಫೀಸರನ್ನು ಕಳಿಸಿದರು. ಸಾಕ್ಷಿ ಹೇಳಬೇಕಾದವರು ವಠಾರದ ಒಡತಿ, ಎಂಬತ್ತು ದಾಟಿದ ಅಜ್ಜಿ. ಮೇಡಂಗೂ ಟೈಲರಮ್ಮನಿಗೂ ಜೀವ ಬಾಯಿಗೆ ಬಂದಿತ್ತು. ಅಜ್ಜಿ ಇಲ್ಲ ಅಂದರೆ ವಿಮೆ ಹೋಯಿತು. ಸಿಟ್ಟಾದರೆ ಮನೆಯೂ ಹೋಯಿತು.

ಆಫೀಸರು ಹುಡುಗ. ಹೇಗೆ ಕೇಳಬೇಕೆಂದೇ ತಿಳಿಯದೆ ಬೆವತ. "ಅಜ್ಜಿ, ಇವ್ರಿಬ್ರೂ... ಬರೀ ಸ್ನೇಹಿತ್ರಾ, ಇಲ್ಲ..."

"ಸ್ನೇಹಿತ್ರಾ?" ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ದಿನಾ ಬೆಳಗ್ಗೆ ಜಗಳ ಕಣಪ್ಪ. ಸಾಯಂಕಾಲ ಇವ್ಳು ಬರೋದು ಹತ್ತು ನಿಮಿಷ ತಡ ಆದ್ರೆ ಅವ್ಳು ಬೀದಿ ಬಾಗ್ಲಲ್ಲಿ ನಿಂತಿರ್ತಾಳೆ. ಸ್ನೇಹಿತ್ರಾಗಿದ್ರೆ ಯಾವತ್ತೋ ಮನೆ ಬಿಟ್ಟು ಹೋಗ್ತಿದ್ರು. ಎಲ್ಲಿ ರುಜು ಹಾಕ್ಬೇಕು ತೋರ್ಸು."

ಹದಿನೈದು ದಿನಕ್ಕೆ ಕಾರ್ಡು ಬಂತು. ಆಪರೇಷನ್ ಚೆನ್ನಾಗಿ ಆಯಿತು. ಟೈಲರಮ್ಮ ಮನೆಗೆ ಬಂದ ದಿನ ಹಣ್ಣು ತೆಗೆದುಕೊಂಡು ನಾನೂ ಹೋಗಿದ್ದೆ. ಮೇಡಂ ಅಜ್ಜಿಯ ಕಾಲಿಗೆ ಬಿದ್ದು ಅತ್ತೇಬಿಟ್ಟರು. ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದರು: "ಅಜ್ಜಿ, ದೂರದ ನೆಂಟ್ರು ಅಂತ ಹೇಳ್ಕೊಂಡು ಬಂದ್ವಿ. ನಮ್ಮ ವಿಷ್ಯ ನಿಮಗೆ ಯಾವಾಗ ಗೊತ್ತಾಯ್ತು?"

ಅಜ್ಜಿಗೆ ಕೆಟ್ಟ ಸಿಟ್ಟು ಬಂತು.

"ಯಾವಾಗ ಅಂದ್ರೆ? ಸಂಸಾರಸ್ಥರಿಗಲ್ದೆ ಬೇರೆಯವ್ರಿಗೆ ಯಾವತ್ತಾದ್ರೂ ಮನೆ ಬಾಡಿಗೆಗೆ ಕೊಟ್ಟಿದ್ದೀನೇನೇ ನಾನು?"